ಕಂಪನಿ ಹೋಯಿತು, ಗಾಡಿ ಉಳಿಯಿತು

ಯಾದಗಿರಿ ಹೊಸ ಜಿಲ್ಲೆಯಾದ 2010ರಲ್ಲೇ ಫೋರ್ಡ್ ಕಂಪನಿಯ ಸಣ್ಣ ಕಾರು ಫಿಗೊ ಭಾರತದ ಮಾರುಕಟ್ಟೆಗೆ ಬಂತು. ಅದಕ್ಕೆ ಸರಿಯಾಗಿ ನೂರೆರಡು ವರ್ಷ ಹಿಂದೆ, 1908ರಲ್ಲಿ, ಹೆನ್ರಿ ಫೋರ್ಡ್ ಅಮೆರಿಕದಲ್ಲಿ ಮಾಡೆಲ್ ಟಿ ಬಿಡುಗಡೆ ಮಾಡಿದ್ದ. 1913ರಲ್ಲಿ ಅವನ ಕಾರ್ಖಾನೆಯಲ್ಲಿ ಕಾರೇ ಚಲಿಸುತ್ತ ಕೆಲಸಗಾರನ ಮುಂದೆ ಬರತೊಡಗಿತು. ಒಂದು ಕಾರು ಜೋಡಿಸಲು ಹನ್ನೆರಡು ತಾಸು ಹಿಡಿಯುತ್ತಿದ್ದದ್ದು ಒಂದೂವರೆ ತಾಸಿಗಿಳಿಯಿತು. ಬೆಲೆಯೂ ಇಳಿಯಿತು.

ಭಾರತದಲ್ಲಿ ಮಾತ್ರ ಫೋರ್ಡ್‌ನದು ಬಂದು ಹೋಗುವ ನೆಂಟಸ್ತಿಕೆ. 1926ರಲ್ಲಿ ಬಂದು 1950ರ ದಶಕದಲ್ಲಿ ಬಾಗಿಲು ಹಾಕಿತು. 1995ರಲ್ಲಿ ಮಹೀಂದ್ರ ಜೊತೆ ಮರಳಿತು, 1999ರಲ್ಲಿ ಐಕಾನ್, 2013ರಲ್ಲಿ ಇಕೋಸ್ಪೋರ್ಟ್ ತಂದಿತು. ಹಿಂದಿನ ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ತೋರಿಸಿ, 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು.

ಗಾಡಿ ಇಟ್ಟುಕೊಂಡವರ ಪಾಡೇನು? ಇಕೋಸ್ಪೋರ್ಟ್‌ನ ತಳಕ್ಕೂ ನೆಲಕ್ಕೂ ಸುಮಾರು 200 ಮಿಲಿಮೀಟರ್ ಅಂತರ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ಮಳೆಗಾಲದಲ್ಲಿ ಎರೆಮಣ್ಣಿನ ಹೊಲದ ದಾರಿ ಹಿಡಿದವರಿಗೆ ಆ ಎತ್ತರದ ಬೆಲೆ ಗೊತ್ತು. ಗಟ್ಟಿ ಬಾಡಿ, ಕೈ ಹೇಳಿದಂತೆ ತಿರುಗುವ ಸ್ಟೇರಿಂಗು: ಫೋರ್ಡ್ ಓಡಿಸುವವರು ಎಲ್ಲ ಕಡೆಯೂ ಹೊಗಳುವುದು ಇವೆರಡನ್ನೇ. ಗೊಣಗುವುದು ಬಿಡಿಭಾಗಗಳ ಬೆಲೆಗೆ. ಸರ್ವಿಸ್ ಮುಂದುವರಿಸುವುದಾಗಿ ಕಂಪನಿ ಮಾತು ಕೊಟ್ಟಿತು ನಿಜ. ಆದರೆ ಸಣ್ಣ ಊರಿನವರಿಗೆ ದೊಡ್ಡ ಶಹರದ ವರ್ಕ್‌ಶಾಪ್ ಎಂದರೆ ಒಂದು ದಿನದ ಕೆಲಸ ಕೆಟ್ಟಂತೆ.

ಸೆಕೆಂಡ್ ಹ್ಯಾಂಡ್ ಡೀಸೆಲ್ ಇಕೋಸ್ಪೋರ್ಟ್ ಕೊಳ್ಳುವವರು ಬಣ್ಣ ನೋಡುವ ಮೊದಲು ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತೆಂದು ಕೇಳಬೇಕು. ಅದು ಹರಿದರೆ ಎಂಜಿನ್ನಿನ ವಾಲ್ವುಗಳೇ ಬಾಗಬಹುದು, ಅಗ್ಗಕ್ಕೆ ಸಿಕ್ಕ ಗಾಡಿ ಗ್ಯಾರೇಜಿನಲ್ಲೇ ಕೂತೀತು.