ಬೀದಿಯ ಕೊಳವೆಯಿಂದ ಮನೆಯ ನಳದವರೆಗೆ: ಅನುಮತಿ, ವೆಚ್ಚ ಮತ್ತು ಎಚ್ಚರಿಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಗ್ರಾಮಗಳಲ್ಲಿ ಮನೆಯೊಳಗೆ ನಳ, ನೆಲತೊಟ್ಟಿ ಮತ್ತು ಮೇಲ್ತೊಟ್ಟಿ ಅಳವಡಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ ಪರಿಚಿತವಾಗಿದೆ. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ಒದಗಿಸುವುದು ಇದರ ಗುರಿ. ಯೋಜನೆಯ ಕೆಲಸವು ಅಂಗಳದ ನಳದವರೆಗೆ ನಡೆಯುತ್ತದೆ. ಅಲ್ಲಿಂದ ಒಳಗಿನ ಕೊಳವೆಗಳು ಮನೆಯವರ ಹೊಣೆ. ಈ ಕೆಲವೇ ಮೀಟರ್ ಕೆಲಸ ಕೆಟ್ಟರೆ ಅದರ ಪರಿಣಾಮ ಒಂದು ಮನೆಗೆ ಸೀಮಿತವಾಗದೆ ಇಡೀ ಓಣಿಯ ಕುಡಿಯುವ ನೀರಿಗೆ ತಟ್ಟುತ್ತದೆ.

ಅನುಮತಿ ಎಲ್ಲಿ ಪಡೆಯಬೇಕು?

ಮನೆ ಇರುವ ಸ್ಥಳ ಯಾರ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಪಟ್ಟಣಗಳಲ್ಲಿ ಪುರಸಭೆಗೆ, ಕಿತ್ತೂರು ಪಟ್ಟಣದಲ್ಲಿ ಪಟ್ಟಣ ಪಂಚಾಯಿತಿಗೆ, ಗ್ರಾಮಗಳಲ್ಲಿ ಗ್ರಾಮ ಪಂಚಾಯಿತಿಗೆ ಅರ್ಜಿ ಸಲ್ಲಿಸಬೇಕು. ಪಟ್ಟಣದ ಅಂಚಿನ ಹೊಸ ಬಡಾವಣೆಗಳಲ್ಲಿ ಈ ವಿಷಯದಲ್ಲಿ ಗೊಂದಲ ಸಹಜ. ಆಸ್ತಿ ತೆರಿಗೆಯ ರಸೀದಿ ಯಾವ ಸಂಸ್ಥೆಯದೋ, ಸಾಮಾನ್ಯವಾಗಿ ಅರ್ಜಿಯೂ ಅಲ್ಲಿಗೇ ಸೇರುತ್ತದೆ.

ಅರ್ಜಿಯೊಂದಿಗೆ ಆಸ್ತಿಯ ದಾಖಲೆ, ತೆರಿಗೆ ಹಾಗೂ ನೀರಿನ ಕರ ಪಾವತಿಸಿದ ರಸೀದಿ ಮತ್ತು ಕೊಳವೆ ಸಾಗುವ ದಾರಿಯನ್ನು ತೋರಿಸುವ ಸರಳ ನಕ್ಷೆ ಇದ್ದರೆ ಸ್ಥಳ ಪರಿಶೀಲನೆ ಸುಲಭವಾಗುತ್ತದೆ. ರಸ್ತೆ ಅಗೆಯುವುದಿದ್ದರೆ ಅದನ್ನು ಅರ್ಜಿಯಲ್ಲೇ ನಮೂದಿಸಬೇಕು. ಲೋಕೋಪಯೋಗಿ ಇಲಾಖೆಯ ರಸ್ತೆ ಅಥವಾ ಕಿತ್ತೂರಿನ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಅಂಚನ್ನು ಅಗೆಯಲು ಗ್ರಾಮ ಪಂಚಾಯಿತಿಯ ಒಪ್ಪಿಗೆಯೊಂದೇ ಸಾಲದು. ಆ ರಸ್ತೆಯನ್ನು ನಿರ್ವಹಿಸುವ ಇಲಾಖೆಯ ಅನುಮತಿಯೂ ಬೇಕು. ಮುಖ್ಯ ಕೊಳವೆಗೆ ಜೋಡಣೆ ನೀಡುವ ಕೆಲಸ ನೀರುಗಂಟಿ ಅಥವಾ ಪಂಚಾಯಿತಿ ಸೂಚಿಸಿದವರ ಸಮ್ಮುಖದಲ್ಲಿಯೇ ನಡೆಯಬೇಕು.

ನಳಕ್ಕೆ ನೇರವಾಗಿ ಮೋಟಾರು ಏಕೆ ಕೂಡದು?

ನೀರು ದಿನವಿಡೀ ಹರಿಯದ ಊರುಗಳಲ್ಲಿ ಸರದಿ ಮುಗಿದ ಮೇಲೆ ಬೀದಿಯ ಕೊಳವೆ ಬರಿದಾಗುತ್ತದೆ. ನೀರು ಬರುವ ಹೊತ್ತಿನಲ್ಲಿ ಯಾರಾದರೂ ನಳಕ್ಕೆ ನೇರವಾಗಿ ಮೋಟಾರು ಜೋಡಿಸಿ ಎಳೆದರೆ ಕೊಳವೆಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗೆ ಇಳಿಯಬಹುದು. ಆಗ ಸಡಿಲವಾದ ಜೋಡಣೆ ಅಥವಾ ಸಣ್ಣ ಬಿರುಕಿನ ಮೂಲಕ ಸುತ್ತಲಿನ ಗಟಾರದ ನೀರು ಒಳಗೆ ಸೇರುತ್ತದೆ. ವಾಂತಿಭೇದಿ, ಕಾಮಾಲೆ, ವಿಷಮಶೀತ ಜ್ವರ ಹರಡಲು ಇದು ಸಾಕು. ಮೋಟಾರು ಇರುವ ಮನೆಗೆ ನೀರು ಹೆಚ್ಚು ಬಂದರೂ ಓಣಿಯ ಕೊನೆಯ ಮನೆಗೆ ನೀರು ತಲುಪುವುದಿಲ್ಲ. ತಲುಪಿದರೂ ಅದು ಶುದ್ಧವಾಗಿರುವುದೆಂಬ ಭರವಸೆ ಇರುವುದಿಲ್ಲ.

ಸರಿಯಾದ ಕ್ರಮವೆಂದರೆ, ಬೀದಿಯ ನೀರು ತಾನಾಗಿ ಹರಿದು ನೆಲತೊಟ್ಟಿಗೆ ಬೀಳಬೇಕು. ಮೋಟಾರು ತೊಟ್ಟಿಯಿಂದ ಮಾತ್ರ ನೀರೆತ್ತಬೇಕು. ಐದು ಜನರ ಕುಟುಂಬಕ್ಕೆ ದಿನಕ್ಕೆ 275 ಲೀಟರ್, ಮೂರು ದಿನಕ್ಕೆ 825 ಲೀಟರ್ ಬೇಕಾಗುತ್ತದೆ. ಒಳಅಳತೆ ಉದ್ದ, ಅಗಲ, ಆಳ ತಲಾ ಒಂದು ಮೀಟರ್ ಇರುವ ತೊಟ್ಟಿಯಲ್ಲಿ 1,000 ಲೀಟರ್ ಹಿಡಿಯುತ್ತದೆ. ತೊಟ್ಟಿಯ ಬಾಯಿ ನೆಲಮಟ್ಟಕ್ಕಿಂತ ಎತ್ತರವಾಗಿದ್ದು ಭದ್ರವಾದ ಮುಚ್ಚಳ ಇರಬೇಕು. ಶೌಚಗುಂಡಿಯಿಂದ ಸಾಧ್ಯವಾದಷ್ಟು ದೂರದಲ್ಲಿ ಅದನ್ನು ಕಟ್ಟಬೇಕು.

ಮಣ್ಣು ಮತ್ತು ಮಾಳಿಗೆ

ಮಲಪ್ರಭೆಯ ಬಯಲಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಈ ಚಲನೆಗೆ ಕೊಳವೆಯ ಜೋಡಣೆಗಳು ಸಡಿಲಗೊಳ್ಳುತ್ತವೆ. ಆದುದರಿಂದ ಕೊಳವೆಯ ಕೆಳಗೂ ಸುತ್ತಲೂ ಮರಳು ತುಂಬಿ ನಂತರ ಮಣ್ಣು ಮುಚ್ಚುವುದು ಅವಶ್ಯ. ಕುಡಿಯುವ ನೀರಿನ ಕೊಳವೆಯನ್ನು ಗಟಾರದೊಳಗೆ ಹಾಯಿಸಬಾರದು. ಅಡ್ಡ ದಾಟಿಸುವುದು ಅನಿವಾರ್ಯವಾದರೆ ಗಟಾರಕ್ಕಿಂತ ಮೇಲಿನಿಂದ, ದೊಡ್ಡ ಕೊಳವೆಯ ಕವಚದೊಳಗೆ, ಆ ಭಾಗದಲ್ಲಿ ಜೋಡಣೆಯೇ ಇಲ್ಲದಂತೆ ಸಾಗಿಸಬೇಕು.

ಹಳೆಯ ಮಣ್ಣಿನ ಮಾಳಿಗೆಯ ಮೇಲೆ ನೀರಿನ ತೊಟ್ಟಿ ಇಡುವುದು ಅಪಾಯಕರ. 1,000 ಲೀಟರ್ ನೀರಿನ ತೂಕವೇ ಒಂದು ಟನ್. ಮರದ ತೊಲೆಗಳು ಈ ಭಾರಕ್ಕಾಗಿ ಇಟ್ಟವುಗಳಲ್ಲ. ಇಂತಹ ಮನೆಗಳಲ್ಲಿ ತೊಟ್ಟಿಗೆ ನೆಲದಿಂದಲೇ ಪ್ರತ್ಯೇಕ ಕಂಬ ಅಥವಾ ಕಟ್ಟೆ ಕಟ್ಟಿಸುವುದು ಕ್ಷೇಮ.

ವೆಚ್ಚವನ್ನು ಲೆಕ್ಕ ಹಾಕುವ ಕ್ರಮ

‘ಎಲ್ಲ ಸೇರಿ ಇಷ್ಟು’ ಎಂಬ ಬಾಯಿಮಾತಿನ ಗುತ್ತಿಗೆಯಲ್ಲಿ ಯಾವುದಕ್ಕೆ ಎಷ್ಟು ವ್ಯಯವಾಯಿತೆಂಬುದು ತಿಳಿಯುವುದಿಲ್ಲ. ಅಂದಾಜನ್ನು ಐದು ಭಾಗಗಳಾಗಿ ಬರೆಯಿಸಿಕೊಳ್ಳಬೇಕು: ಪಂಚಾಯಿತಿ ಶುಲ್ಕ ಮತ್ತು ರಸ್ತೆ ದುರಸ್ತಿಯ ಮೊತ್ತ, ಮೀಟರ್ ಲೆಕ್ಕದಲ್ಲಿ ಅಗೆತ ಮತ್ತು ಮರಳು, ಮೀಟರ್ ಲೆಕ್ಕದಲ್ಲಿ ಕೊಳವೆ, ಬಿಡಿಯಾಗಿ ನಳ ಹಾಗೂ ವಾಲ್ವುಗಳು, ಕೂಲಿ. ಉದಾಹರಣೆಗೆ, 12 ಮೀಟರ್ ಉದ್ದ, 0.3 ಮೀಟರ್ ಅಗಲ, 0.75 ಮೀಟರ್ ಆಳದ ಕಾಲುವೆಯ ಅಗೆತ 2.7 ಘನ ಮೀಟರ್ ಆಗುತ್ತದೆ. ಅಳತೆ ತಿಳಿದಿದ್ದರೆ ಇಬ್ಬರು ಪ್ಲಂಬರುಗಳ ದರವನ್ನು ಹೋಲಿಸಬಹುದು.

ಕೊಳವೆಯ ಮೇಲೆ ಐಎಸ್‌ಐ ಗುರುತು ಇದೆಯೇ ಎಂದು ನೋಡಬೇಕು. ಎಚ್‌ಡಿಪಿಇ ಕೊಳವೆಗೆ ಐಎಸ್ 4984, ಯುಪಿವಿಸಿಗೆ ಐಎಸ್ 4985, ಬಿಸಿನೀರಿಗೆ ಬಳಸುವ ಸಿಪಿವಿಸಿಗೆ ಐಎಸ್ 15778 ಎಂದು ಅಚ್ಚಾಗಿರುತ್ತದೆ. ಕೊಳವೆಯ ಬೆಲೆಯಲ್ಲಿ ಉಳಿಸಿದ ಹಣವು ಎರಡನೆಯ ಬಾರಿ ನೆಲ ಅಗೆಯುವಾಗ ಖರ್ಚಾಗುತ್ತದೆ.

ಕೆಲಸ ಮುಗಿದ ಮೇಲೆ

ಕಾಲುವೆ ಮುಚ್ಚುವ ಮುನ್ನ ಕೊಳವೆಗೆ ನೀರು ತುಂಬಿಸಿ ಸೋರಿಕೆ ಪರೀಕ್ಷಿಸಬೇಕು. ಸರದಿಯ ಆರಂಭದಲ್ಲಿ ಬರುವ ಮೊದಲ ನೀರನ್ನು ಕುಡಿಯಲು ಹಿಡಿಯದೆ ಬೇರೆ ಬಳಕೆಗೆ ಬಿಡಬೇಕು. ನಳದ ನೀರಿನಲ್ಲಿ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಗ್ರಾಮ ಪಂಚಾಯಿತಿಯಲ್ಲಿರುವ ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಇದನ್ನು ತಿಳಿಯಬಹುದು. ನೀರಿನ ಬಣ್ಣ ಅಥವಾ ವಾಸನೆ ಬದಲಾದರೆ ಅದೇ ದಿನ ನೀರುಗಂಟಿಗೆ ಅಥವಾ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗೆ ತಿಳಿಸಬೇಕು.

ಈಗಾಗಲೇ ನಳಕ್ಕೆ ನೇರವಾಗಿ ಮೋಟಾರು ಜೋಡಿಸಿರುವವರು ಅದನ್ನು ತಾವಾಗಿಯೇ ತೆಗೆದು ತೊಟ್ಟಿಗೆ ಜೋಡಿಸಿಕೊಳ್ಳಬೇಕೆಂದೂ, ಅನುಮತಿಯಿಲ್ಲದೆ ಜೋಡಣೆ ಪಡೆದವರು ಅರ್ಜಿ ಸಲ್ಲಿಸಿ ಕ್ರಮಬದ್ಧಗೊಳಿಸಿಕೊಳ್ಳಬೇಕೆಂದೂ ಕೋರಲಾಗಿದೆ. ಓಣಿಯ ಮೊದಲ ಮನೆಯವರು ಪಾಲಿಸುವ ನಿಯಮವೇ ಕೊನೆಯ ಮನೆಯ ಮಗುವಿನ ಆರೋಗ್ಯವನ್ನು ಕಾಯುತ್ತದೆ.