ಗೊಂಬೆಗೆ ಜೀವ ಕೊಡುವ ಬಿಡುವು

ಚಿಂತಾಮಣಿಯ ಟೊಮೆಟೊ ಮಾರುಕಟ್ಟೆಯಲ್ಲಿ ಹಮಾಲರು ಕ್ರೇಟ್ ಎತ್ತುವುದನ್ನು ದೂರದಿಂದ ಗಮನಿಸಿ. ಒಳಗಿನ ಹಣ್ಣು ಕಾಣದಿದ್ದರೂ ಕ್ರೇಟ್ ತುಂಬಿದೆಯೋ ಖಾಲಿಯೋ ಎಂಬುದು ತಟ್ಟನೆ ತಿಳಿಯುತ್ತದೆ. ತುಂಬಿದ್ದಾದರೆ ಆಳು ಕಾಲು ಅಗಲಿಸಿ, ಮೊಣಕಾಲು ಮಡಿಸಿ, ಅರೆಕ್ಷಣ ಉಸಿರು ಹಿಡಿದು ಆಮೇಲೆ ನಿಧಾನವಾಗಿ ಏಳುತ್ತಾನೆ. ಖಾಲಿಯಾದರೆ ಒಂದೇ ಕೈಯಲ್ಲಿ ಎತ್ತಿ ಎಸೆಯುತ್ತಾನೆ. ಭಾರವನ್ನು ಹೇಳಿದ್ದು ಕ್ರೇಟ್ ಅಲ್ಲ, ಮೈಯ ಭಂಗಿ ಮತ್ತು ಅದಕ್ಕೆ ಹಿಡಿದ ಹೊತ್ತು. ಅನಿಮೇಷನ್ ಕಲೆಯ ತಿರುಳೆಲ್ಲ ಇಷ್ಟರಲ್ಲೇ ಇದೆ.

ಸಿನಿಮಾ ಪರದೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಪಳಗಿದ ಕಲಾವಿದ ಅಷ್ಟನ್ನೂ ಒಂದೇ ಉಸಿರಿಗೆ ಬರೆಯಲು ಕೂರುವುದಿಲ್ಲ. ಬಾಗಿದ್ದು, ಬಿಗಿದದ್ದು, ಎದ್ದದ್ದು ಎಂದು ಮುಖ್ಯ ಭಂಗಿಗಳನ್ನಷ್ಟೇ ಮೊದಲು ಬರೆದು ಓಡಿಸಿ ನೋಡುತ್ತಾನೆ. ನಂತರ ಅವುಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸಿ ತಿದ್ದುತ್ತಾನೆ. ಖಾಲಿ ಕ್ರೇಟಿಗೆ 8 ಚಿತ್ರಗಳ ಹೊತ್ತು ಸಾಕೆನಿಸಿದರೆ, ತುಂಬಿದ್ದಕ್ಕೆ 30 ಬೇಕಾದೀತು. ಚಿತ್ರ ಅದೇ, ತೂಕ ಬೇರೆ!

ಇಲ್ಲಿ ಭೌತಶಾಸ್ತ್ರವೂ ಕೈಹಿಡಿಯುತ್ತದೆ. ಕೈಬಿಟ್ಟ ಚೆಂಡು ಮೊದಲ 4 ಚಿತ್ರಗಳ ಹೊತ್ತಿನಲ್ಲಿ ಸುಮಾರು 14 ಸೆಂ.ಮೀ. ಬಿದ್ದರೆ, ಮುಂದಿನ 4ರಲ್ಲಿ 41, ಅದರ ಮುಂದಿನ 4ರಲ್ಲಿ 68 ಸೆಂ.ಮೀ. ಬೀಳುತ್ತದೆ. ಗೆಲಿಲಿಯೋ ಕಂಡ 1, 3, 5ರ ಲೆಕ್ಕ ಇದೇ. ಅಂತರಗಳನ್ನು ಸಮನಾಗಿ ಬರೆದರೆ ಚೆಂಡು ಬೀಳುವುದಿಲ್ಲ, ದಾರಕ್ಕೆ ಕಟ್ಟಿ ಇಳಿಸಿದಂತೆ ಕಾಣುತ್ತದೆ.

ಮೈಯೆಲ್ಲ ಒಟ್ಟಿಗೆ ಅಲುಗಾಡಿದರೂ ಚಿತ್ರ ಕೆಟ್ಟಿತು. ಶಿಡ್ಲಘಟ್ಟದಲ್ಲಿ ಬಿಸಿನೀರಿನ ರೇಷ್ಮೆಗೂಡಿನಿಂದ ಎಳೆ ಹಿಡಿಯುವವರ ಬೆರಳು ಮಿಂಚಿನಂತೆ ಓಡುತ್ತದೆ, ಭುಜ ಮಾತ್ರ ಅಲುಗುವುದೇ ಇಲ್ಲ. ಆ ನಿಶ್ಚಲತೆಯಿಂದಲೇ ಬೆರಳಿನ ಚುರುಕು ಕಣ್ಣಿಗೆ ಬೀಳುವುದು.

ಡಿಸ್ನಿ ಸಂಸ್ಥೆಯ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್ಸ್‌ಟನ್ 1981ರಲ್ಲಿ ಇಂಥ 12 ಸೂತ್ರಗಳನ್ನು ಪುಸ್ತಕಕ್ಕಿಳಿಸಿದರು. ಅದಕ್ಕೂ ಮುನ್ನ, 1956ರಲ್ಲಿ, ಅದೇ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ನಮ್ಮವರಿಗೆ ತರಬೇತಿ ಕೊಟ್ಟರು. ಮುಂದೆ ಭಾರತೀಯ ಅನಿಮೇಷನ್‌ನ ಪಿತಾಮಹರೆನಿಸಿದ ರಾಮ್ ಮೋಹನ್ ಕಲಿತದ್ದು ಅಲ್ಲಿಯೇ.

ಆದರೆ ಪಾಠ ಹೊರಗಿನದೇ ಏನು? ಗೌರಿಬಿದನೂರಿನಿಂದ ಹಿಂದೂಪುರ ದಾಟಿ ಉತ್ತರಕ್ಕೆ ಹೋದರೆ ಧರ್ಮಾವರದ ಬಳಿ ನಿಮ್ಮಲಕುಂಟವೆಂಬ ಹಳ್ಳಿಯಿದೆ. ಅಲ್ಲಿನವರದು ತೊಗಲು ಗೊಂಬೆಯಾಟದ ಮನೆತನಗಳು. ಆ ಹಳ್ಳಿಯ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ತೊಗಲು ಗೊಂಬೆಯ ಮುಖ ಬದಲಾಗದು, ಕಣ್ಣು ಮಿಟುಕದು. ಭುಜ, ಮೊಣಕೈ, ಮೊಣಕಾಲುಗಳ ಕೀಲು ಆಡಿಸಿಯೇ ಕೋಪವನ್ನೂ ಶೋಕವನ್ನೂ ಕಾಣಿಸಬೇಕು. ಗದೆ ಬೀಸುವ ಮುನ್ನ ಕೈ ತುಸು ಹಿಂದಕ್ಕೆ ಸರಿಯಬೇಕು, ತಾಳ ಒಂದು ಕ್ಷಣ ಕಾಯಬೇಕು. ಬರಿ ನೆರಳು ನೋಡಿಯೇ ಅರ್ಥವಾಗುವ ಭಂಗಿ ಒಳ್ಳೆಯದು ಎಂದು ಇಂದಿನ ಅನಿಮೇಷನ್ ತರಗತಿಗಳು ಕಲಿಸುತ್ತವೆ. ನೆರಳಿನಲ್ಲೇ ಬದುಕಿದವರಿಗೆ ಅದು ಹೊಟ್ಟೆಪಾಡಿನ ವಿದ್ಯೆಯಾಗಿತ್ತು.

ಈಗ ಅಲ್ಲಿಯ ಕೈಗಳು ಹೆಚ್ಚಾಗಿ ದೀಪದ ಬುರುಡೆ, ಗೋಡೆಯ ಅಲಂಕಾರಗಳನ್ನು ಮಾಡುತ್ತಿವೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪ್ರೊ. ಎಂ.ಎಸ್. ನಂಜುಂಡರಾವ್ ಕೂಡಿಸಿದ ತೊಗಲು ಗೊಂಬೆಗಳು ಸುರಕ್ಷಿತವಾಗಿವೆ. ಗಾಜಿನ ಪೆಟ್ಟಿಗೆಯಲ್ಲಿ ಭಂಗಿ ಉಳಿಯುತ್ತದೆ, ನಿಜ. ಆದರೆ ಯಾವ ಮಾತಿಗೆ ಎಷ್ಟು ತಡೆದು ಕೈ ಎತ್ತಬೇಕೆಂಬ ಲೆಕ್ಕ ಆಡಿಸುವವರ ಮಣಿಕಟ್ಟಿನಲ್ಲಿದೆ. ಅದು ಅವರೊಂದಿಗೇ ಹೋಗುವಂಥದ್ದು.

ಉಳಿಸುವ ದಾರಿ ದುಬಾರಿಯದಲ್ಲ. ಆಟವನ್ನು ಮೊಬೈಲಿನಲ್ಲಿ ಹಿಡಿದು, ಒಂದೊಂದೇ ಚಿತ್ರವಾಗಿ ನಿಲ್ಲಿಸಿ ಎಣಿಸಬಹುದು. ಚಿಕ್ಕಬಳ್ಳಾಪುರದ ಯಾವುದೇ ಶಾಲೆಯ ಮಕ್ಕಳು ಹಳೆಯ ನೋಟ್‌ಬುಕ್ಕಿನ ಮೂಲೆಯಲ್ಲಿ 24 ಚಿತ್ರ ಬರೆದು, ಹೆಬ್ಬೆರಳಿನಿಂದ ಸರಸರನೆ ಹಾಳೆ ಬಿಟ್ಟು ನೋಡಬಹುದು. ಚೆಂಡು ಸರಿಯಾಗಿ ಬಿತ್ತೇ? ಇಲ್ಲವಾದರೆ ಎರಡು ಚಿತ್ರ ತೆಗೆದು ಮತ್ತೆ ನೋಡಲಿ. ತಿದ್ದುವುದೆಂದರೆ ಅನೇಕ ಸಲ ಸೇರಿಸುವುದಲ್ಲ, ಬಿಡುವುದು.