ಸೈನೈಡ್ ಗುಡ್ಡದ ತಾತ: ಕೃಷ್ಣಾಜಿ ರಾವ್ ಅವರ ತಡವಾದ ನಟನೆ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕವಲೊಡೆದು ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟುವ ಸುಮಾರು 16 ಕಿಲೋಮೀಟರಿನ ರೈಲುದಾರಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. 1894ರಲ್ಲಿ ಕೋಲಾರದ ಚಿನ್ನದ ಗಣಿಗಳ (ಕೆಜಿಎಫ್) ಸಲುವಾಗಿಯೇ ಹಾಕಿದ ಈ ದಾರಿಯ ಸುತ್ತಮುತ್ತ ಕಾಣುವ ಬೂದುಬಣ್ಣದ ಬೋಳು ಗುಡ್ಡಗಳು ನಿಸರ್ಗದ ಸೃಷ್ಟಿಯಲ್ಲ, ಒಂದು ಶತಮಾನಕ್ಕೂ ಮೀರಿ ಅದಿರಿನಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಹೊರಚೆಲ್ಲಿದ ಪುಡಿಯ ರಾಶಿಗಳು. ಊರಿನವರು ಇವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. 2018ರ ಡಿಸೆಂಬರ್ 21ರಂದು ತೆರೆಕಂಡ, ಪ್ರಶಾಂತ್ ನೀಲ್ ನಿರ್ದೇಶನದ ‘ಕೆಜಿಎಫ್: ಚಾಪ್ಟರ್ 1’ ಚಿತ್ರದ ‘ನರಾಚಿ’ ಎಂಬ ಕಲ್ಪಿತ ಗಣಿಯ ಹಲವು ಹೊರಾಂಗಣ ದೃಶ್ಯಗಳು ಚಿತ್ರಿತವಾದದ್ದು ಇದೇ ಗುಡ್ಡಗಳ ಮೇಲೆ. ನಾಯಕ ಯಶ್ ದೇಶದಾದ್ಯಂತ ಪರಿಚಿತರಾದದ್ದು, ಕನ್ನಡ ಚಿತ್ರವೊಂದು ಐದು ಭಾಷೆಗಳಲ್ಲಿ ಏಕಕಾಲಕ್ಕೆ ಓಡಿದ್ದು ಸಾಕಷ್ಟು ಚರ್ಚೆಯಾಗಿರುವ ಸಂಗತಿಗಳು. ಅದೇ ಚಿತ್ರದಲ್ಲಿ ಕಣ್ಣು ಕಾಣದ ಮುದುಕನೊಬ್ಬನ ಚಿಕ್ಕ ಪಾತ್ರದಿಂದ ‘ಕೆಜಿಎಫ್ ತಾತ’ ಎನಿಸಿಕೊಂಡ ಕೃಷ್ಣಾಜಿ ರಾವ್ ಅವರ ವೃತ್ತಿಜೀವನಕ್ಕೆ ಅಷ್ಟು ಗಮನ ಸಂದಿಲ್ಲ.

ಪೋಷಕ ನಟನೆಂದರೆ ಕಥೆಯ ಭಾರವನ್ನು ನಾಯಕನಂತೆ ಹೊರದೆ, ಆದರೆ ಆ ಕಥೆ ನಡೆಯುವ ಲೋಕವನ್ನು ನೋಡುಗರು ನಂಬುವಂತೆ ಮಾಡುವ ನಟ. ಕನ್ನಡದಲ್ಲಿ ಇಂಥವರಿಗೆ ಅವರ ಪಾತ್ರದ ಹೆಸರೇ ಅಂಟಿಕೊಳ್ಳುವ ಹಳೆಯ ರೂಢಿಯಿದೆ: ‘ನಾಗರಹಾವು’ (1972) ಬಂದ ಮೇಲೆ ಕೆ.ಎಸ್. ಅಶ್ವಥ್ ಜನರ ಪಾಲಿಗೆ ಚಾಮಯ್ಯ ಮೇಷ್ಟ್ರೇ ಆದರು, ‘ಭೂತಯ್ಯನ ಮಗ ಅಯ್ಯು’ (1974) ನೋಡಿದವರಿಗೆ ಲೋಕನಾಥ್ ಎಂದೊಡನೆ ಉಪ್ಪಿನಕಾಯಿಯ ಪ್ರಸಂಗವೇ ನೆನಪಾಗುತ್ತದೆ. ಆದರೆ ಈ ಇಬ್ಬರ ಬೆನ್ನಿಗೂ ರಂಗಭೂಮಿಯ ಪಳಗಿಕೆಯಿತ್ತು, ಮುಂದೆ ನೂರಾರು ಚಿತ್ರಗಳ ದೀರ್ಘ ಬಾಳಿಕೆಯೂ ಇತ್ತು. ಕೃಷ್ಣಾಜಿ ರಾವ್ ಅವರದು ತಿರುವುಮುರುವಾದ ಕ್ರಮ. ಅವರು ದಶಕಗಳ ಕಾಲ ಕ್ಯಾಮೆರಾದ ಹಿಂದೆ ದುಡಿದು, ಮುಪ್ಪಿನಲ್ಲಿ ಅದರ ಮುಂದೆ ಬಂದು, ಮೊದಲ ಚಾಪ್ಟರ್ ತೆರೆಕಂಡ ನಾಲ್ಕು ವರ್ಷಗಳೊಳಗೆ ತೀರಿಕೊಂಡರು.

ಅವರ ಮೂಲ ವೃತ್ತಿ ಸಹಾಯಕ ನಿರ್ದೇಶನ. ಶಂಕರ್ ನಾಗ್ ಅವರೊಂದಿಗೂ ಅವರು ಕೆಲಸ ಮಾಡಿದ್ದರೆಂಬುದನ್ನು ಗಮನಿಸಿದರೆ ಈ ದುಡಿಮೆಯ ಹರವು ತಿಳಿಯುತ್ತದೆ, ಏಕೆಂದರೆ ಶಂಕರ್ ನಾಗ್ ಅಪಘಾತದಲ್ಲಿ ಮೃತರಾದದ್ದು 1990ರ ಸೆಪ್ಟೆಂಬರ್ 30ರಂದು, ‘ಕೆಜಿಎಫ್’ ಬಂದದ್ದು ಅದಾಗಿ 28 ವರ್ಷಗಳ ಮೇಲೆ. ಸಹಾಯಕ ನಿರ್ದೇಶಕನ ಕೆಲಸ ಯಾವುದೆಂದು ಒಂದೇ ಮಾತಿನಲ್ಲಿ ಹೇಳಲಾಗದು. ದೃಶ್ಯದ ಸಂಖ್ಯೆ ಬರೆದ ಕ್ಲಾಪ್ ಬೋರ್ಡ್ ಹಿಡಿಯುವುದು, ಬೆಳಿಗ್ಗೆ ತೆಗೆದ ದೃಶ್ಯದ ಉಳಿದ ಭಾಗವನ್ನು ವಾರ ಬಿಟ್ಟು ತೆಗೆಯುವಾಗ ನಟನ ಅಂಗಿಯ ಗುಂಡಿಯೂ ಹಣೆಯ ಕುಂಕುಮವೂ ಮೊದಲಿನಂತೆಯೇ ಇವೆಯೇ ಎಂದು ನೋಡಿಕೊಳ್ಳುವುದು (ಇದನ್ನೇ ಕಂಟಿನ್ಯುಟಿ ಎನ್ನುತ್ತಾರೆ), ಸಂಭಾಷಣೆ ಮರೆತ ನಟನಿಗೆ ಕ್ಯಾಮೆರಾದ ಪಕ್ಕದಲ್ಲಿ ನಿಂತು ಮಾತನ್ನು ಎತ್ತಿಕೊಡುವುದು, ಗುಂಪಿನ ದೃಶ್ಯಗಳಲ್ಲಿ ಸಹಕಲಾವಿದರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು, ಇವೆಲ್ಲವೂ ಅವನ ಪಾಲಿಗೇ ಬರುತ್ತವೆ. ಚಿತ್ರ ಗೆದ್ದರೆ ಅವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ಸೋತರೆ ಮುಂದಿನ ಕೆಲಸ ಸಿಗುವುದು ಕಷ್ಟ. ಇಷ್ಟಾದರೂ ಈ ದುಡಿಮೆ ಬೇರೆಲ್ಲೂ ಸಿಗದ ಒಂದು ಶಿಕ್ಷಣವನ್ನು ಕೊಡುತ್ತದೆ: ನಟರು ಎಲ್ಲಿ ಅತಿ ಮಾಡುತ್ತಾರೆ, ಮಸೂರದ ಎದುರು ಎಷ್ಟು ಕಡಿಮೆ ಮಾಡಿದರೆ ಸಾಕು ಎಂಬುದನ್ನು ದಿನವೂ ನೋಡುತ್ತಾ ನಿಲ್ಲುವ ಶಿಕ್ಷಣ.

ಆ ಶಿಕ್ಷಣದ ಫಲ ನರಾಚಿಯ ಮುದುಕನಲ್ಲಿ ಕಾಣುತ್ತದೆ. ಚಿತ್ರದ ಗಣಿಯಲ್ಲಿ ದುಡಿಯಲಾರದವರಿಗೆ ಬದುಕುವ ಹಕ್ಕಿಲ್ಲ. ಕಣ್ಣು ಕಾಣದ ಈ ಮುದುಕ ಕಾವಲುಗಾರರ ಕೈಗೆ ಸಿಕ್ಕಿಬಿದ್ದಾಗ ಅವನನ್ನು ಉಳಿಸಲು ನಾಯಕ ಅವರ ಮೇಲೆ ಬೀಳುತ್ತಾನೆ, ಮತ್ತು ಅಲ್ಲಿಯವರೆಗೆ ತಲೆತಗ್ಗಿಸಿದ್ದ ಗುಂಪು ಅವನನ್ನು ನಂಬತೊಡಗುತ್ತದೆ. ಹೀಗೆ ಕಥೆಯ ಬಹುಮುಖ್ಯ ತಿರುವು ತೀರಾ ಕಡಿಮೆ ಮಾತಿನ ಪಾತ್ರವೊಂದರ ಮೇಲೆ ನಿಂತಿದೆ. ಕಣ್ಣು ಕಾಣದವರ ಪಾತ್ರವೆಂದರೆ ರೆಪ್ಪೆ ಬಡಿಯುವುದು, ಗಾಳಿಯಲ್ಲಿ ಕೈ ಚಾಚಿ ತಡವರಿಸುವುದು ಎಂದು ನಮ್ಮ ಸಿನಿಮಾ ಬಹುಕಾಲದಿಂದ ನಂಬಿಕೊಂಡು ಬಂದಿದೆ. ಕೃಷ್ಣಾಜಿ ರಾವ್ ಇಲ್ಲಿ ಆ ಸಿದ್ಧ ಚೇಷ್ಟೆಗಳ ಆಸರೆ ಪಡೆಯದೆ, ಬಿಳಿ ಗಡ್ಡದ ಬತ್ತಿದ ಮುಖವನ್ನೂ ಎತ್ತರಿಸದ ದನಿಯನ್ನೂ ನೆಚ್ಚಿಕೊಂಡಿದ್ದಾರೆ. ಅಬ್ಬರವೇ ವ್ಯಾಕರಣವಾಗಿರುವ, ಹಿನ್ನೆಲೆ ಸಂಗೀತ ಬಹುತೇಕ ಬಿಡುವು ಕೊಡದ ಚಿತ್ರವೊಂದರಲ್ಲಿ ಮೆಲುದನಿಯ ನಟನೆ ಎದ್ದುಕಂಡದ್ದು ಆಕಸ್ಮಿಕವಲ್ಲ. ಅರಸೀಕೆರೆಯ ಟಿ.ಎನ್. ಬಾಲಕೃಷ್ಣ ತಮಗೆ ಕಿವಿ ಕೇಳಿಸದಿದ್ದರೂ ಎದುರಿನವರ ತುಟಿಯ ಚಲನೆಯನ್ನೇ ಹಿಡಿದು ನೂರಾರು ಚಿತ್ರಗಳಲ್ಲಿ ಕಿವಿಯುಳ್ಳವರ ಪಾತ್ರ ಮಾಡಿದ ಪರಂಪರೆ ಕನ್ನಡದ್ದು. ಕಣ್ಣಿದ್ದೂ ಕಾಣದವನಾಗಿ ನಟಿಸುವುದನ್ನು ಆ ಸಾಧನೆಯ ಪಕ್ಕದಲ್ಲಿಡುವುದು ಅತಿಯಾದೀತು, ಆದರೂ ಎರಡರಲ್ಲಿಯೂ ಇಂದ್ರಿಯದ ಕೊರತೆಯನ್ನು ಪ್ರದರ್ಶನಕ್ಕಿಡದ ಸಂಯಮ ಒಂದೇ ಬಗೆಯದು.

ಚಿತ್ರೀಕರಣದ ನೆಲದ ಬಗ್ಗೆಯೂ ಇಲ್ಲಿ ಹೇಳಬೇಕಾದದ್ದಿದೆ. ಗಣಿಯಿಂದ ಬಂದ ಬಿಳಿಗಲ್ಲನ್ನು ಯಂತ್ರದ ಒನಕೆಗಳಿಂದ ಕುಟ್ಟಿ ಪುಡಿ ಮಾಡಿ, ಪಾದರಸ ಲೇಪಿಸಿದ ತಾಮ್ರದ ತಗಡುಗಳ ಮೇಲೆ ನೀರಿನೊಡನೆ ಹರಿಸಿದರೆ ಚಿನ್ನದ ಬಹುಭಾಗ ಪಾದರಸಕ್ಕೆ ಅಂಟುತ್ತಿತ್ತು. ಅಂಟದೆ ಉಳಿದ ಕಣಗಳನ್ನು ತೆಳುವಾದ ಸೈನೈಡ್ ದ್ರಾವಣದಲ್ಲಿ ಕರಗಿಸಿ ಸತುವಿನ ಸಹಾಯದಿಂದ ಮರಳಿ ಪಡೆಯುತ್ತಿದ್ದರು. ಆ ಬಳಿಕ ಉಳಿದ ನುಣುಪು ಪುಡಿಯೇ ಈ ಗುಡ್ಡಗಳು. ಜಾನ್ ಟೇಲರ್ ಕಂಪನಿ 1880ರ ಹೊತ್ತಿಗೆ ಆರಂಭಿಸಿದ ಗಣಿಗಾರಿಕೆ ಭಾರತ್ ಗೋಲ್ಡ್ ಮೈನ್ಸ್ ಕೈಯಲ್ಲಿ 2001ರ ಫೆಬ್ರವರಿ 28ರಂದು ನಿಲ್ಲುವವರೆಗೆ ಸುಮಾರು 800 ಟನ್ ಚಿನ್ನವನ್ನು ಕೊಟ್ಟಿತೆಂದು ಲೆಕ್ಕ. ಚಿನ್ನ ಊರಿನಿಂದ ಹೊರಹೋಯಿತು, ಸುಮಾರು 3.3 ಕೋಟಿ ಟನ್ ಪುಡಿ ಊರಿನಲ್ಲಿ ಉಳಿಯಿತು. ಗಾಳಿ ಬೀಸಿದಾಗ ಈ ಪುಡಿ ಮನೆಗಳ ಒಳಗೆ ಬಂದು ಕೂರುತ್ತದೆ. ಎರಡನೆಯ ಚಾಪ್ಟರಿನ ಚಿತ್ರೀಕರಣದಿಂದ ಪರಿಸರಕ್ಕೆ ಹಾನಿಯಾಗುತ್ತಿದೆ ಎಂಬ ದೂರಿನ ಮೇಲೆ 2019ರ ಆಗಸ್ಟ್‌ನಲ್ಲಿ ಸ್ಥಳೀಯ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತ್ತು. ಈ ಗುಡ್ಡಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿರುವುದರಿಂದ, ಆ ಯೋಜನೆ ನಡೆದರೆ ಸಿನಿಮಾದ ಹಿನ್ನೆಲೆಯಾಗಿದ್ದ ಈ ದಿಬ್ಬಗಳೂ ಕರಗಬಹುದು.

ತೆರೆಯ ಗಣಿಗೂ ನಿಜವಾದ ಗಣಿಗೂ ಇರುವ ಅಂತರ ದೊಡ್ಡದು. ಕೋಲಾರದ ಗಣಿಗಳಲ್ಲಿ ದುಡಿದವರು ಜೀತದಾಳುಗಳಲ್ಲ. ಬಹುಪಾಲು ಉತ್ತರ ಆರ್ಕಾಟಿನಂಥ ತಮಿಳು ಜಿಲ್ಲೆಗಳಿಂದ ಬಂದ, ಅವರಲ್ಲಿಯೂ ಹೆಚ್ಚಿನವರು ದಲಿತ ಸಮುದಾಯಗಳಿಗೆ ಸೇರಿದ ಕೂಲಿಕಾರರು. ಮುಂದೆ ಮೂರು ಕಿಲೋಮೀಟರಿಗೂ ಮೀರಿದ ಗಣಿಯಾಳದ ಸೆಕೆ, ಬಂಡೆ ಸಿಡಿತ, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಬರುವ ಸಿಲಿಕೋಸಿಸ್ ಕಾಯಿಲೆ, ಇವನ್ನೆಲ್ಲ ಸಹಿಸಿಕೊಂಡೇ ಅವರು 1930ರಲ್ಲಿ ಗಣಿಗಳನ್ನು ಸ್ತಬ್ಧಗೊಳಿಸಿದ ದೊಡ್ಡ ಮುಷ್ಕರ ಹೂಡಿದರು. ಹೊರಗಿನಿಂದ ಬರುವ ಒಬ್ಬ ವೀರನಿಗಾಗಿ ಕಾದು ಕುಳಿತ ಜನ ಅವರಾಗಿರಲಿಲ್ಲ. ಇಂದು ಅವರ ಮಕ್ಕಳು ಮೊಮ್ಮಕ್ಕಳು ಮಾರಿಕುಪ್ಪಂನಿಂದ ನಸುಕಿನ ರೈಲು ಹತ್ತಿ ಬೆಂಗಳೂರಿನ ಕೆಲಸಗಳಿಗೆ ಹೋಗಿ ರಾತ್ರಿ ಮರಳುತ್ತಾರೆ. 2024ರಲ್ಲಿ ಬಂದ ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ ಅವರ ಪೂರ್ವಿಕರನ್ನು ಕಥೆಯ ನಡುವಿಗೆ ತಂದಿತು. ಕನ್ನಡದ ಮಹಾಚಿತ್ರದಲ್ಲಿ ಅವರನ್ನು ಹೋಲುವ ಮುಖವನ್ನು ಹುಡುಕುವುದಾದರೆ ಅದು ಒಬ್ಬ ಹೊರಗಿನ ನಟನ ಮುಖ, ಕೃಷ್ಣಾಜಿ ರಾವ್ ಅವರದು. ಪಾತ್ರವರ್ಗದ ಆಯ್ಕೆಯಲ್ಲಿ ಇದಕ್ಕಿಂತ ನ್ಯಾಯವಾದದ್ದು ಆ ಚಿತ್ರದಲ್ಲಿ ಇನ್ನೊಂದಿಲ್ಲ ಎಂದರೆ ತಪ್ಪಾಗಲಾರದು.

2022ರ ಏಪ್ರಿಲ್ 14ರಂದು ಬಂದ ಎರಡನೆಯ ಚಾಪ್ಟರಿನಲ್ಲಿಯೂ ತಾತ ಮರಳಿದರು. ಎರಡರ ನಡುವೆಯೂ ಆಮೇಲೂ ಹಲವು ಚಿತ್ರಗಳು ಅವರನ್ನು ಹುಡುಕಿಕೊಂಡು ಬಂದವು. ಅವುಗಳಲ್ಲಿ ‘ಕ್ರಿಟಿಕಲ್ ಕೀರ್ತನೆಗಳು’ ಖ್ಯಾತಿಯ ಕುಮಾರ್ ನಿರ್ದೇಶನದ ‘ನ್ಯಾನೋ ನಾರಾಯಣಪ್ಪ’ದ್ದು ಬೇರೆಯೇ ಬಗೆಯ ಕರೆ, ಏಕೆಂದರೆ ಅದರಲ್ಲಿ ಅವರದೇ ಮುಖ್ಯ ಪಾತ್ರ. ಮುದುಕರೆಂದರೆ ನಾಯಕನ ತಂದೆ ಅಥವಾ ಊರ ಹಿರಿಯ ಎಂಬಷ್ಟಕ್ಕೇ ನಿಲ್ಲುವ ಉದ್ಯಮದಲ್ಲಿ ಇಳಿವಯಸ್ಸಿನವರೊಬ್ಬರು ಶೀರ್ಷಿಕೆಗೆ ಏರುವುದು ಅಪರೂಪ.

2022ರ ಡಿಸೆಂಬರ್ 7ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದಾಗ ಪತ್ರಿಕೆಗಳ ತಲೆಬರಹಗಳಲ್ಲಿ ಅವರ ಹೆಸರಿಗಿಂತ ಮೊದಲು ಬಂದದ್ದು ‘ಕೆಜಿಎಫ್ ತಾತ’ ಎಂಬ ಗುರುತು. ಅಶ್ವಥ್, ಲೋಕನಾಥ್ ಅವರ ಚಿತ್ರಗಳ ಪಟ್ಟಿ ಸುಲಭವಾಗಿ ಸಿಗುತ್ತದೆ, ಏಕೆಂದರೆ ಚಿತ್ರಕೋಶಗಳು ನಟರನ್ನೂ ನಿರ್ದೇಶಕರನ್ನೂ ದಾಖಲಿಸುತ್ತವೆ. ಸಹಾಯಕರ ಹೆಸರುಗಳನ್ನು ಸಾಮಾನ್ಯವಾಗಿ ಬಿಡುತ್ತವೆ. ಆ ಹೆಸರುಗಳಿರುವುದು ಹಳೆಯ ಚಿತ್ರಗಳ ಆರಂಭದ ಶೀರ್ಷಿಕೆಗಳಲ್ಲಿ, ಅದೂ ಪ್ರತಿ ಉಳಿದಿದ್ದರೆ ಮಾತ್ರ. ಕೃಷ್ಣಾಜಿ ರಾವ್ ಅವರ ನಟನೆಯ ನಾಲ್ಕು ವರ್ಷಗಳನ್ನು ಯಾರಾದರೂ ಬರೆದಾರು. ಅದಕ್ಕೆ ಮೊದಲಿನ ದಶಕಗಳನ್ನು ಬರೆಯಬೇಕಾದವರು ಒಂದೊಂದೇ ಚಿತ್ರದ ಶೀರ್ಷಿಕೆಯನ್ನು ನಿಲ್ಲಿಸಿ ನಿಲ್ಲಿಸಿ ಓದಬೇಕಾಗುತ್ತದೆ.